ಸಿ ಡ್ರೈವಿನ ಪಾಲುಪಟ್ಟಿ

(ಮಂಡ್ಯ ಸೀಮೆಯ ಒಂದು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮಾಲೀಕ ಶಿವಣ್ಣ. ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಬಂದಿರುವ ಹುಡುಗ ಮಧು. ತಮ್ಮನ ಜೊತೆ ಜಮೀನು ಪಾಲಾಗಿ, ಪಾಲುಪಟ್ಟಿ ಟೈಪ್ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿರುವ ನಿಂಗೇಗೌಡರು. ಇಂಥ ಅಂಗಡಿಗಳಲ್ಲಿ ಕಂಪ್ಯೂಟರು ಒಬ್ಬನದು, ಸಲಹೆ ಕೊಡುವ ಹಕ್ಕು ಬೆಂಚಿನ ಮೇಲಿರುವ ಎಲ್ಲರದು.)

ಮಧು: ಅಣ್ಣ, ಆಗಲ್ಲ ಅಂತಿದೆ.

ಶಿವಣ್ಣ: ಯಾರು?

ಮಧು: ಸಿ ಡ್ರೈವು. ಜಾಗ ಇಲ್ವಂತೆ.

ಶಿವಣ್ಣ: ಜಾಗ ಇಲ್ಲದೆ ಎಲ್ಲಿಗೆ ಹೋಯ್ತು? ಸಿ ಡ್ರೈವಲ್ಲಿ ನಾನು ಒಂದೇ ಒಂದು ಫೈಲ್ ಇಟ್ಟಿಲ್ಲ ಕಣೋ. ಅದು ಸಿಸ್ಟಂದು, ಮುಟ್ಟಬಾರದು ಅಂತ ತಂದ ದಿನದಿಂದ ಮುಟ್ಟಿಲ್ಲ.

ಮಧು: ಮತ್ತೆ ಫೈಲೆಲ್ಲ ಎಲ್ಲಿಡ್ತೀರಿ?

ಶಿವಣ್ಣ: ಡೆಸ್ಕ್‌ಟಾಪಲ್ಲಿ.

ಮಧು: ಡೆಸ್ಕ್‌ಟಾಪ್ ಇರೋದೇ ಸಿ ಡ್ರೈವಲ್ಲಿ ಅಣ್ಣ.

ಶಿವಣ್ಣ: ಏನ್ ಮಾತು ಅಂತ ಆಡ್ತೀಯ! ಡೆಸ್ಕ್‌ಟಾಪು ಆನ್ ಮಾಡಿದ ತಕ್ಷಣ ಎದುರಿಗೇ ಕಾಣುತ್ತೆ. ಸಿ ಡ್ರೈವ್ ನೋಡ್ಬೇಕಂದ್ರೆ ದಿಸ್ ಪಿಸಿ ಒತ್ತಿ ಒಳಗೆ ಹೋಗ್ಬೇಕು. ಒಳಗಿರೋದು ಹೊರಗೆ ಹೆಂಗಪ್ಪ ಕಾಣುತ್ತೆ?

ಗೌಡರು: ಅದೂ ನ್ಯಾಯಾನೇ.

ಮಧು: ಗೌಡ್ರೇ, ನೀವು ಸುಮ್ನಿರಿ. ಅಣ್ಣ, ಇಲ್ನೋಡಿ. ಸಿ, ಒಳಗೆ ಯೂಸರ್ಸ್, ಒಳಗೆ ಶಿವಣ್ಣ, ಒಳಗೆ ಡೆಸ್ಕ್‌ಟಾಪ್. 24 ಜಿಬಿ. ಸಿ ಡ್ರೈವ್ ಇರೋದೇ 80. ಖಾಲಿ ಉಳಿದಿರೋದು 3.

ಶಿವಣ್ಣ: ಮೂರು ಸಾಕಾಗಲ್ವಾ? ಬರೋದು ಒಂದೇ ವಿಂಡೋಸು ತಾನೇ? ಹಳೇದು ಎದ್ದ ಜಾಗದಲ್ಲಿ ಹೊಸದು ಕೂರಲಿ.

ಮಧು: ಹಳೇದು ಏಳಲ್ಲ ಅಣ್ಣ, ಅದೇ ತೊಂದರೆ. ಹೊಸ ವಿಂಡೋಸಿನ ಫೈಲೆಲ್ಲ ಮೊದಲು ಕಣ್ಣಿಗೆ ಕಾಣದ ಒಂದು ಫೋಲ್ಡರಲ್ಲಿ ಬಿಚ್ಕೊಂಡು ಕೂರುತ್ತೆ. ಅಷ್ಟು ಹೊತ್ತೂ ಹಳೇದು ನಡೀತಾನೇ ಇರುತ್ತೆ. ಆಮೇಲೆ ಹಳೇದನ್ನ ಎತ್ತಿ ವಿಂಡೋಸ್ ಡಾಟ್ ಓಲ್ಡ್ ಅಂತ ಪಕ್ಕಕ್ಕಿಟ್ಟು ಹೊಸದು ಆ ಜಾಗಕ್ಕೆ ಬರುತ್ತೆ. ನಡುವೆ ಕರೆಂಟ್ ಹೋದ್ರೂ, ಏನಾದ್ರೂ ಕೆಟ್ರೂ ವಾಪಸ್ ಹೋಗೋಕೆ ದಾರಿ ಬೇಕಲ್ಲ? ಎರಡಕ್ಕೂ ಒಟ್ಟಿಗೆ ಜಾಗ ಬೇಕು. 20 ಜಿಬಿ ಖಾಲಿ ಇದ್ರೆ ನನಗೆ ನೆಮ್ಮದಿ.

ಶಿವಣ್ಣ: ಹಂಗಾದ್ರೆ ಬೇಡ್ವೇ ಬೇಡ ಬಿಡು. ಈಗಿರೋ ವಿಂಡೋಸ್ ಹತ್ತೇ ಇರ್ಲಿ.

ಮಧು: 2025ರ ಅಕ್ಟೋಬರ್ 14ಕ್ಕೆ ಹತ್ತರ ಸಪೋರ್ಟ್ ಮುಗೀತು. ಬೇಕು ಅಂದ್ರೆ ಹೆಸರು ನೋಂದಾಯಿಸಿ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ತಗೋಬಹುದು, ಅಷ್ಟೇ. ಊರವರ ಆಧಾರೆಲ್ಲ ಓಡಾಡೋ ಸಿಸ್ಟಂ ಇದು. ನಿಮ್ಮ ಪುಣ್ಯಕ್ಕೆ ಪ್ರೊಸೆಸರ್ ಎಂಟನೇ ತಲೆಮಾರಿಂದು, ಹನ್ನೊಂದು ಕೇಳೋ ಟಿಪಿಎಂ 2.0 ಸೆಕ್ಯುರಿಟಿ ವ್ಯವಸ್ಥೆನೂ ಇದೆ. ಅದಿಲ್ಲದೆ ಎಷ್ಟೋ ಸಿಸ್ಟಂಗಳು ಬಾಗಿಲಲ್ಲೇ ನಿಂತಿವೆ. ನಿಮ್ದು ಒಳಗೆ ಬಂದು ಜಾಗಕ್ಕೆ ಒದ್ದಾಡ್ತಿದೆ. ಈ ಡೆಸ್ಕ್‌ಟಾಪಲ್ಲಿ ಒಂದಷ್ಟು ತೆಗೀರಿ.

ಶಿವಣ್ಣ: ತೆಗೀತೀನಿ, ಅದಕ್ಕೇನಂತೆ. ತಗೋ, ಕೋರೆಲ್‌ಡ್ರಾ ಐಕಾನ್ ತೆಗೆದೆ. ನುಡಿ ಐಕಾನೂ ತೆಗೆದೆ. ಕೋರೆಲ್‌ಡ್ರಾ ಎಷ್ಟು ಭಾರ ಗೊತ್ತಾ? ಈಗ ನೋಡು.

ಮಧು: ಮೂರೇ ಇದೆ. ಅದು ಶಾರ್ಟ್‌ಕಟ್ಟು ಅಣ್ಣ, ಮೂಲೇಲಿ ಬಾಣದ ಗುರುತಿಲ್ವಾ? ಒಂದೆರಡು ಕೆಬಿ. ತೆಗೀಬೇಕಾಗಿರೋದು ಇದು ನೋಡಿ. ‘ಮದುವೆ ಕಾರ್ಡ್ ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು ಕರೆಕ್ಟ್’, ‘ಇದೇ ಕೊನೇದು’, ‘ಇದೇ ಕೊನೇದು 2’. ಒಂದೊಂದರಲ್ಲೂ ದೇವರ ಫೋಟೋ, ಹುಡುಗ ಹುಡುಗಿ ಫೋಟೋ. ಒಂದು ಇಟ್ಕೊಂಡು ನಾಲ್ಕು ಬಿಡಿ.

ಶಿವಣ್ಣ: ನಿನಗೆ ಮದುವೆ ಆಗಿಲ್ಲ, ಅದಕ್ಕೇ ಹಿಂಗಂತೀಯ. ಮೊದಲನೇದ್ರಲ್ಲಿ ಸೋದರಮಾವನ ಹೆಸರು ಬಿಟ್ಟಿತ್ತು. ಎರಡನೇದ್ರಲ್ಲಿ ಹಾಕಿದ್ವಿ, ದೊಡ್ಡಪ್ಪನ ಕಡೆಯೋರು ಮುನಿಸ್ಕೊಂಡ್ರು. ಮೂರನೇದ್ರಲ್ಲಿ ಇಬ್ಬರಿಗೂ ಒಂದೇ ಸೈಜಿನ ಅಕ್ಷರ. ನಾಲ್ಕನೇದ್ರಲ್ಲಿ ಛತ್ರ ಬದಲಾಯ್ತು. ನಾಳೆ ಯಾರಾದ್ರೂ ಬಂದು ‘ನನ್ನ ಹೆಸರು ಮೊದಲು ಎಲ್ಲಿತ್ತು’ ಅಂದ್ರೆ?

ಮಧು: ಆ ಮದುವೆ ಆಗಿ ಎಷ್ಟು ದಿನ ಆಯ್ತು?

ಶಿವಣ್ಣ: ಪಕ್ಕದಲ್ಲೇ ನೋಡು, ಅವರ ಮಗಳ ನಾಮಕರಣದ ಕಾರ್ಡು.

ಗೌಡರು: ಆ ಮಗಾ ಈಗ ಇಸ್ಕೂಲಿಗೆ ಓಯ್ತದೆ ಕಣಪ್ಪ.

ಮಧು: ಸರಿ, ಅಳಿಸೋದು ಬೇಡ, ಡಿ ಡ್ರೈವಿಗೆ ಸಾಗಿಸೋಣ. ಅಯ್ಯೋ, ಡಿ 143 ಜಿಬಿ ಇದೆ! ಇದರಲ್ಲಿ ಬರೀ 12 ಜಿಬಿ ತುಂಬಿದೆ!

ಶಿವಣ್ಣ: ಅದನ್ನ ಮುಟ್ಟಬೇಡ. ಅದು ಬ್ಯಾಕಪ್ಪಿಗೆ.

ಮಧು: ಬ್ಯಾಕಪ್ ತಗೊಂಡಿದ್ದೀರಾ?

ಶಿವಣ್ಣ: ಇಲ್ಲ. ಜಾಗ ಇಟ್ಟಿದ್ದೀನಿ.

ಮಧು: ಅಣ್ಣ, ಸಿ, ಡಿ ಎರಡೂ ಒಂದೇ ಎಸ್‌ಎಸ್‌ಡಿ. ಸುಟ್ರೆ ಎರಡೂ ಒಟ್ಟಿಗೇ ಸುಡುತ್ತೆ. ಬ್ಯಾಕಪ್ ಅಂದ್ರೆ ಹೊರಗಡೆ ಬೇರೆ ಡಿಸ್ಕಲ್ಲಿ ಇರ್ಬೇಕು.

ಶಿವಣ್ಣ: ಒಂದೇನಾ? ಆ, ನೆನಪಾಯ್ತು, ಇದೊಂದು ಕೇಳ್ಬೇಕಿತ್ತು. ಅಂಗಡಿಯವನು 240 ಜಿಬಿ ಅಂತ ದುಡ್ಡಿಸ್ಕೊಂಡ. 80 ಮತ್ತು 143 ಎಷ್ಟು? 223. ಹದಿನೇಳು ಜಿಬಿ ನುಂಗಿದ್ದಾನೆ!

ಮಧು: ಯಾರೂ ನುಂಗಿಲ್ಲ. ಡಿಸ್ಕ್ ಮಾಡೋರು ಸಾವಿರ ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸುತ್ತೆ. ಬೈಟ್ ಅಷ್ಟೇ ಇವೆ.

ಗೌಡರು: ಪಾಣೀಲಿ ಇನ್ನೂರ ನಲವತ್ತು, ಸರ್ವೆಯವ್ನು ಅಳುದ್ರೆ ಇನ್ನೂರ ಇಪ್ಪತ್ಮೂರು. ನಮ್ದೂ ಅದೇ ಕತೆ ಕಣ ಶಿವಣ್ಣ. ಅದ್ಸರಿ ಮಗಾ, ಈ ಸಿ ಡಿ ಅನ್ನೋರು ಒಂದೇ ಜಮೀನಿನ ಎರಡು ಪಾಲು ಅಂತೀಯ. ದೊಡ್ಡೋನಿಗೆ ಇಕ್ಕಟ್ಟು, ಚಿಕ್ಕೋನದು ಬೀಳು ಬಿದ್ದದೆ. ಚಿಕ್ಕೋನ್ತವ ಒಂದಿಪ್ಪತ್ತು ಗುಂಟೆ ಬಿಡುಸ್ಕೊಂಡು ದೊಡ್ಡೋನಿಗೆ ಬರ್ಕೊಟ್ಬುಡು. ಅದ್ಯಾಕೆ ಸಾಮಾನು ಸಾಗ್ಸೋದು?

ಮಧು: ಆಗಲ್ಲ ಗೌಡ್ರೇ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಡಿ-ನ ಕುಗ್ಗಿಸಬಹುದು. ಆದ್ರೆ ಅದು ಜಾಗ ಬಿಟ್ಟುಕೊಡೋದು ತನ್ನ ಆಚೆ ತುದೀಲಿ. ಸಿ-ನ ಹಿಗ್ಗಿಸ್ಬೇಕಂದ್ರೆ ಜಾಗ ಸಿ ಬಲಮಗ್ಗುಲಿಗೇ ಅಂಟ್ಕೊಂಡಿರ್ಬೇಕು.

ಗೌಡರು: ಅಯ್ಯೋ! ನಮ್ಮ ತಮ್ಮನೂ ಅಂಗೇ ಕಣಪ್ಪ! ‘ಬುಟ್ಕೊಡ್ತೀನಿ ಅಣ್ಣ’ ಅಂದ. ಖುಸಿಯಾಗಿ ಓಗಿ ನೋಡುದ್ರೆ ಅತ್ಲಾಗಿ ಅಳ್ಳದ ಪಕ್ಕದ ಆರು ಗುಂಟೆ. ನನ್ನ ಗದ್ದೆಗೂ ಅದ್ಕೂ ನಡುವೆ ಅವನ ತೋಟ!

ಮಧು: ಇಲ್ಲಿ ಇನ್ನೊಂದಿದೆ. ಸಿಗೂ ಡಿಗೂ ನಡುವೆ ರಿಕವರಿ ಅಂತ ಸಣ್ಣ ಪಾರ್ಟಿಷನ್ ಕೂತಿದೆ, ಅರ್ಧ ಜಿಬಿ. ವಿಂಡೋಸ್ ಏಳದೇ ಇದ್ದಾಗ ರಿಪೇರಿಗೆ ಬೇಕಾಗೋದು. ಅದನ್ನ ದಾಟಿ ಜಾಗ ಬರಲ್ಲ.

ಗೌಡರು: ಸರ್ಕಾರಿ ಖರಾಬು.

ಮಧು: ಬೇರೆ ಸಾಫ್ಟ್‌ವೇರ್ ಹಾಕಿ ಇವನ್ನೆಲ್ಲ ಸರಿಸಬಹುದು. ಸರಿಸುವಾಗ ಕರೆಂಟ್ ಹೋದ್ರೆ ಮದುವೆ ಕಾರ್ಡೂ ಇಲ್ಲ, ನಾಮಕರಣವೂ ಇಲ್ಲ. ಅದಕ್ಕೆ ಸಾಮಾನು ಸಾಗಿಸೋದೇ ವಾಸಿ. ಡೆಸ್ಕ್‌ಟಾಪ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡಿ ಒಳಗೊಂದು ಫೋಲ್ಡರ್ ತೋರಿಸಿದೆ. ಎದುರಿಗೆ ಕಾಣೋದು ಹಂಗೇ ಕಾಣುತ್ತೆ ಅಣ್ಣ, ಇರೋದು ಮಾತ್ರ ಡಿ-ಲಿ.

ಶಿವಣ್ಣ: ಕಾಣೋದು ಇಲ್ಲಿ, ಇರೋದು ಅಲ್ಲಿ. ಸರಿಯಪ್ಪ, ನೀನೇ ಓದಿರೋನು.

ಮಧು: 27 ಆಯ್ತು. ಲೆಕ್ಕಕ್ಕೆ ಸಾಕು. ಆದ್ರೂ ಈ ಡೌನ್‌ಲೋಡ್ಸ್ ಒಂದ್ಸಲ ನೋಡ್ತೀನಿ. ‘ಇಆಧಾರ್’, ‘ಇಆಧಾರ್ 1’, ‘ಇಆಧಾರ್ 2’... ಅಣ್ಣ, ಇದು ಮುಗಿಯೋದೇ ಇಲ್ಲ.

ಗೌಡರು: (ಬೆಂಚಿಂದ ಎದ್ದು) ಅದ್ರೊಳಗೆ ನಂದೂ ಅದಾ?

ಶಿವಣ್ಣ: ನಿಮ್ದು, ನಿಮ್ಮ ತಮ್ಮಂದು, ಸೊಸೇದು ಎಲ್ಲಾ ಭದ್ರವಾಗಿದೆ ಗೌಡ್ರೇ.

ಗೌಡರು: ಯಾಕ್ಲಾ ಭದ್ರವಾಗದೆ? ನಾನು ಪ್ರಿಂಟು ತಗೊಂಡು ಕಾಸು ಕೊಟ್ಟು ಓದೆನಲ್ಲ!

ಮಧು: ಈ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರೇನೋ. ಅದೇನು ದೊಡ್ಡ ಗುಟ್ಟಾ? ಇಂಗ್ಲಿಷಲ್ಲಿ ಹೆಸರಿನ ಮೊದಲ ನಾಲ್ಕಕ್ಷರ, ಹುಟ್ಟಿದ ವರ್ಷ. ಊರಲ್ಲಿ ಯಾರಿಗೆ ಗೊತ್ತಿಲ್ಲ? ಇದರಿಂದ ಜಾಗ ಉಳಿಯೋದು ಅಷ್ಟಕ್ಕಷ್ಟೇ, ಒಂದೊಂದೂ ಒಂದು ಎಂಬಿನೂ ಇರಲ್ಲ. ಆದ್ರೂ ಇವನ್ನ ನಿಮ್ಮನ್ನ ಕೇಳದೆ ಅಳಿಸ್ತೀನಿ. ಜಾಗ ತಿಂದಿರೋದು ಈ ವಾಟ್ಸಾಪ್ ವಿಡಿಯೋಗಳು. 9 ಜಿಬಿ.

ಶಿವಣ್ಣ: ಡಿಲೀಟ್ ಮಾಡು, ನಾನು ಬೇಡ ಅನ್ನಲ್ಲ. ಆದ್ರೆ ರೀಸೈಕಲ್ ಬಿನ್ ಮಾತ್ರ ಖಾಲಿ ಮಾಡ್ಬೇಡ.

ಮಧು: ಯಾಕೆ?

ಶಿವಣ್ಣ: ಅಲ್ಲಿ ಮುಖ್ಯವಾದ್ದು ಇಟ್ಟಿದ್ದೀನಿ. ಯಾರೂ ಹುಡುಕಲ್ಲ ನೋಡು.

(ಮಧು ಎರಡು ನಿಮಿಷ ಮಾತಾಡುವುದಿಲ್ಲ. ಬಿನ್ನಿನಲ್ಲಿ ಫೈಲ್ ಜೋಪಾನ ಮಾಡುವವರು ಇದ್ದಾರೆ, ಕಂಪ್ಯೂಟರ್ ರಿಪೇರಿ ಮಾಡುವ ಯಾರನ್ನಾದರೂ ಕೇಳಿ.)

ಮಧು: ಏನೇನು ಮುಖ್ಯ ಹೇಳಿ, ರಿಸ್ಟೋರ್ ಮಾಡಿ ಡಿಗೆ ಹಾಕ್ತೀನಿ. ಬಿನ್ನಲ್ಲಿರೋದು ಅಳಿಸಿದ ಲೆಕ್ಕ ಅಲ್ಲ ಅಣ್ಣ, ಖಾಲಿ ಮಾಡೋವರೆಗೂ ಅದೇ ಡ್ರೈವಿನ ಜಾಗ ತಿಂತಾನೇ ಇರುತ್ತೆ. ವಿಡಿಯೋನೂ ಸೇರಿ ಖಾಲಿ ಮಾಡಿದೆ. ಈಗ 42. ಇನ್ನೊಂದು, ಹೈಬರ್‌ಫಿಲ್ ಡಾಟ್ ಸಿಸ್ ಅಂತ 3 ಜಿಬಿ ಫೈಲಿದೆ, ಹೈಬರ್ನೇಟ್ ಆಫ್ ಮಾಡಿದ್ರೆ ಹೋಗುತ್ತೆ. ಫಾಸ್ಟ್ ಸ್ಟಾರ್ಟಪ್ಪೂ ಅದನ್ನೇ ನಂಬಿರೋದು, ಅದೂ ನಿಲ್ಲುತ್ತೆ. ಈಗ ಬೇಕಾಗಿಲ್ಲ, ಇರ್ಲಿ ಬಿಡಿ.

ಶಿವಣ್ಣ: ಇನ್ನೇನು, ಒತ್ತು ಮತ್ತೆ.

ಮಧು: ಮೊದಲು ಡೆಸ್ಕ್‌ಟಾಪನ್ನ ಈ ಹೊರಗಿನ ಹಾರ್ಡ್ ಡಿಸ್ಕಿಗೆ ಒಂದ್ಸಲ ಕಾಪಿ ಮಾಡ್ಕೋತೀನಿ. 2018ರ ಅಕ್ಟೋಬರಲ್ಲಿ ಬಂದ 1809 ಅನ್ನೋ ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸನ್ನೇ ಅಳಿಸಿಹಾಕ್ತು. ಮೈಕ್ರೋಸಾಫ್ಟ್‌ನವರು ತಡೆದು, ಸರಿ ಮಾಡಿ, ನವೆಂಬರಲ್ಲಿ ಮತ್ತೆ ಬಿಟ್ರು.

ಶಿವಣ್ಣ: ಈಗ ಹೇಳ್ತೀಯಾ ಇದನ್ನ! ನುಡಿ ಫಾಂಟ್ ಹೋಗ್ಬಿಟ್ರೆ ನಾನು ಅಂಗಡಿ ಮುಚ್ಚಿ ಊರಿಗೆ ಹೋಗ್ಬೇಕು.

ಮಧು: ಫೈಲು, ಆ್ಯಪು ಎರಡೂ ಉಳಿಸ್ಕೋ ಅಂತ ಆರಿಸಿದ್ದೀನಿ, ಫಾಂಟೂ ಉಳಿಯುತ್ತೆ. ಐಎಸ್‌ಒ ಫೈಲ್ 5 ಜಿಬಿಗೂ ಮೇಲಿದೆ, ಅದನ್ನೂ ಡಿಗೇ ಇಳಿಸಿದ್ದೀನಿ, ಸಿ ಮೇಲೆ ಆ ಭಾರ ಬೇಡ ಅಂತ. ಶುರು.

(ಪರದೆ ನೀಲಿಯಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಚಹಾ ಬರುತ್ತದೆ. ಪರ್ಸೆಂಟು ಏರುವ ವೇಗ ನೋಡಿದರೆ ಇನ್ನೊಂದು ಚಹಾ ಬೇಕಾದೀತು.)

ಮಧು: ಇದಾದ್ಮೇಲೆ ಆ ವಿಂಡೋಸ್ ಡಾಟ್ ಓಲ್ಡ್ ಹತ್ತು ದಿನ ಇರುತ್ತೆ. ಹೊಸದು ಹಿಡಿಸಲಿಲ್ಲ ಅಂದ್ರೆ ಅಷ್ಟರೊಳಗೆ ಗೋ ಬ್ಯಾಕ್ ಒತ್ತಿ ಹತ್ತಕ್ಕೇ ವಾಪಸ್ ಹೋಗಬಹುದು. ಹತ್ತು ದಿನ ಕಳೆದ್ರೆ ಅದು ತಾನಾಗೇ ಅಳಿಸ್ಕೊಂಡು ಜಾಗ ಬಿಡುತ್ತೆ.

ಶಿವಣ್ಣ: ತಾನಾಗೇನಾ? ನನ್ನನ್ನ ಕೇಳದೇನಾ?

ಮಧು: ಹಳೇ ವಿಂಡೋಸ್ ನಿಮಗ್ಯಾಕೆ ಅಣ್ಣ?

ಶಿವಣ್ಣ: ಬೇಕಾಗುತ್ತೋ ಇಲ್ವೋ ಹತ್ತು ದಿನದಲ್ಲಿ ಹೆಂಗೆ ಹೇಳೋದು? ಈ ಹತ್ತನ್ನ ಜಾಸ್ತಿ ಮಾಡೋಕೆ ಆಗಲ್ವಾ?

ಮಧು: ಕಮಾಂಡ್ ಕೊಟ್ರೆ ಅರವತ್ತರವರೆಗೂ ಆಗುತ್ತೆ.

ಶಿವಣ್ಣ: ಅರವತ್ತು ಮಾಡು. ಆ ಫೋಲ್ಡರನ್ನ ಡಿಗೂ ಒಂದು ಕಾಪಿ ಹಾಕು.

ಮಧು: ಕಾಪಿ ಹಾಕಿದ್ರೆ ಅದರಿಂದ ವಾಪಸ್ ಹೋಗೋಕಾಗಲ್ಲ. ಉಪಯೋಗವೇ ಇಲ್ಲ!

ಶಿವಣ್ಣ: ಉಪಯೋಗ ಯಾರು ಕೇಳಿದ್ರು? ಇರ್ಲಿ ಅಂತ ಅಂದೆ.

ಗೌಡರು: ಶಿವಣ್ಣ, ಈ ಅರವತ್ತು ದಿನದ್ದು ಚೆನ್ನಾಗದೆ ಕಣಪ್ಪ. ನನ್ನ ಪಾಲುಪಟ್ಟಿಗೂ ಒಂದು ಸಾಲು ಸೇರ್ಸು. ಅರವತ್ತು ದಿನದೊಳಗೆ ಯಾರಿಗಾದ್ರೂ ಇಡುಸ್ನಿಲ್ಲ ಅಂದ್ರೆ ಮೊದಲಿದ್ದಂಗೇ ಒಟ್ಟು ಕುಟುಂಬ ಅಂತ.

ಶಿವಣ್ಣ: ಸೇರಿಸ್ತೀನಿ ಗೌಡ್ರೇ. ಸಬ್ ರಿಜಿಸ್ಟ್ರಾರು ಒಪ್ತಾರೋ ಇಲ್ವೋ ನನಗ್ಗೊತ್ತಿಲ್ಲ. ಇದು ಮೂವತ್ತೈದು ಪರ್ಸೆಂಟಲ್ಲಿ ನಿಂತಿದೆ, ಮೊದಲು ಇದೊಂದು ಏಳ್ಲಿ.