ಒರೆಸಬೇಡಿ, ನಾನು ಒರಿಜಿನಲ್!

1967ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ. ಮೈಬಣ್ಣ ಮರೀನಾ ಬ್ಲೂ. ಆದರೆ ನಾವು ಮಾತಾಡಿಸಿದ್ದು ಆ ನೀಲಿಯನ್ನಲ್ಲ. ಅದನ್ನು ಹೊಗಳುವವರು ಊರು ತುಂಬ ಇದ್ದಾರೆ. ಮುಂದಿನ ಚಕ್ರದ ಗೂಡಿನೊಳಗೆ ಅಂಚು ಗಿಂಚು ಏನೂ ಇಲ್ಲದೆ ಸಿಡಿದು ಕೂತಿರುವ ಕಪ್ಪು ಬಣ್ಣವನ್ನು ಮಾತಾಡಿಸಿದೆವು. ಗ್ಯಾರೇಜಿನವರ ಬಾಯಲ್ಲಿ ಅದು ಓವರ್‌ಸ್ಪ್ರೇ. ಸಂದರ್ಶನಕ್ಕೆ ನೆಲದ ಮೇಲೆ ಅಂಗಾತ ಮಲಗಬೇಕಾಯಿತು.

ಪ್ರ: ನಮಸ್ಕಾರ. ತಮ್ಮ ಹುಟ್ಟೂರು?

ಉ: ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್. ನನ್ನ ದಾಯಾದಿಗಳು ಅನೇಕರು ಮಿಷಿಗನ್ನಿನ ಅಯೋನಿಯಾದವರು. ಅಲ್ಲಿ ಎ.ಓ. ಸ್ಮಿತ್ ಕಂಪನಿ ಬಾಡಿ ಕಟ್ಟಿ, ಬಣ್ಣ ಹೊಡೆದು, ರೈಲಿಗೆ ಹತ್ತಿಸಿ ಸೇಂಟ್ ಲೂಯಿಸ್‌ಗೆ ಕಳಿಸುತ್ತಿತ್ತು. ಗ್ಲೋವ್ ಬಾಕ್ಸ್ ಕೆಳಗೆ ತಗಡಿನ ಪಟ್ಟಿ ಇದೆ, ಬಗ್ಗಿ ನೋಡಿ. ಬಾಡಿ ಸಂಖ್ಯೆಯ ಮುಂದೆ ‘ಎಸ್’ ಇದ್ದರೆ ನಮ್ಮ ಗೋತ್ರ, ‘ಎ’ ಇದ್ದರೆ ಅವರದು. ಪಕ್ಕದಲ್ಲಿರೋ 976 ಆ ನೀಲಿಯ ಸಂಖ್ಯೆ. ನನಗೆ ಸಂಖ್ಯೆ ಕೊಡೋ ಗೋಜಿಗೆ ಯಾರೂ ಹೋಗಲಿಲ್ಲ.

ಪ್ರ: ತಮ್ಮ ಉದ್ಯೋಗ?

ಉ: ಮರೆಮಾಚೋದು. ಚಕ್ರದ ಗೂಡಿನಲ್ಲಿ, ಗ್ರಿಲ್ ಹಿಂದೆ ಮೈಬಣ್ಣ ಇಣುಕಿದರೆ ಶೋರೂಮಿನಲ್ಲಿ ಕಣ್ಣಿಗೆ ಹೊಡೆಯುತ್ತೆ. ಅದಕ್ಕೇ ಒಬ್ಬ ಸ್ಪ್ರೇ ಗನ್ ಹಿಡಿದು ಅಲ್ಲೆಲ್ಲ ಕಪ್ಪು ಹೊಡೀತಿದ್ದ. ಆ ವರ್ಷ 22,940 ಕಾರು ಹೊರಬಿದ್ದವು ಸ್ವಾಮಿ! ಲೈನು ನಿಲ್ಲೋದಿಲ್ಲ, ಹಿಂದಿನ ಕಾರು ಬಂದೇ ಬಿಡುತ್ತೆ. ಅವನ ಕೈ ಎಲ್ಲಿವರೆಗೆ ಬೀಸಿತೋ ಅಲ್ಲಿವರೆಗೆ ನಾನು.

ಪ್ರ: ಅಂದರೆ ತಾವು ಗಡಿಬಿಡಿಯ ಕೂಸು.

ಉ: ಆಗ ಗಡಿಬಿಡಿ, ಈಗ ‘ಫ್ಯಾಕ್ಟರಿ ಕರೆಕ್ಟ್’. 1974ರಲ್ಲಿ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಅಂತ ಹುಟ್ಟಿತು. ಅದರ ತೀರ್ಪುಗಾರರು ಟಾರ್ಚ್ ಹಿಡಿದು ಬಗ್ಗಿ ನನ್ನನ್ನ ಹುಡುಕ್ತಾರೆ. ಕಾರು ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕು. ‘ಟಾಪ್ ಫ್ಲೈಟ್’ ಪ್ರಶಸ್ತಿಗೆ ನೂರಕ್ಕೆ 94 ಅಂಕ ಬೇಕು. ನಾನು ಕಾಣಿಸದಿದ್ದರೆ ಕತ್ತರಿ!

ಪ್ರ: ಕಾರ್ಖಾನೆಗಿಂತ ಚೆನ್ನಾಗಿ ಮಾಡಿದರೆ?

ಉ: ಅದಕ್ಕೂ ಕತ್ತರಿ. ಆ ಕಾಲದ್ದು ಅಕ್ರಿಲಿಕ್ ಲ್ಯಾಕರ್. ಪಾಲಿಶ್ ತಲುಪಿದ ಕಡೆ ಹೊಳೀತಿತ್ತು, ಬಾಗಿಲ ಸಂದಿಯಂಥ ಕಡೆ ಮಂಕಾಗೇ ಉಳೀತಿತ್ತು. ಈಗಿನವರು ಬಣ್ಣದ ಮೇಲೆ ಕ್ಲಿಯರ್‌ಕೋಟ್ ಸುರಿದು, ಸಂದಿ ಮೂಲೆ ಎಲ್ಲ ಕನ್ನಡಿ ಮಾಡಿ ತರ್ತಾರೆ. ತೀರ್ಪುಗಾರ ಅದರಲ್ಲಿ ತನ್ನ ಮುಖ ನೋಡ್ಕೊಂಡು ಅಂಕ ಕಳೀತಾನೆ.

ಪ್ರ: ಕಳೆದುಹೋದ ಓವರ್‌ಸ್ಪ್ರೇಯನ್ನು ಮತ್ತೆ ಹೇಗೆ ತರುತ್ತಾರೆ?

ಉ: ಹೇಳೋಕೇ ನಗು ಬರುತ್ತೆ. ಮೊದಲು ಯಾರೂ ಮುಟ್ಟದ ಕಾರಿನಲ್ಲಿ ನನ್ನಂಥವರ ಫೋಟೋ ತೆಗೀತಾರೆ. ಟೇಪ್ ಹಿಡಿದು ಅಳತೆ ಮಾಡ್ತಾರೆ. ಆಮೇಲೆ ಒಳ್ಳೇ ಪೇಂಟರನ್ನ ಹಿಡಿದು, ಕೈತುಂಬ ದುಡ್ಡು ಕೊಟ್ಟು, ‘ಸ್ವಲ್ಪ ಕೆಟ್ಟದಾಗಿ ಹೊಡಿ’ ಅಂತಾರೆ. ಅವನು ರಟ್ಟಿನ ಮೇಲೆ ಅಭ್ಯಾಸ ಮಾಡಿ ಹೊಡೀತಾನೆ. ‘ಛೆ, ತುಂಬಾ ನೀಟಾಯ್ತು’ ಅಂತ ಒರೆಸಿ ಮತ್ತೆ ಹೊಡೀತಾನೆ. ಮದುವೆ ಮನೆಗೆ ಓಡೋಡಿ ಬಂದವನ ಕೆದರಿದ ತಲೆ ನೋಡಿ, ಪಾರ್ಲರಿನಲ್ಲಿ ಕೂತು ಕೂದಲು ಕೆದರಿಸಿಕೊಂಡ ಹಾಗೆ.

ಪ್ರ: ಈ ಗೌರವ ತಮಗೊಬ್ಬರಿಗೇ ಸಿಕ್ಕಿದೆಯೇ?

ಉ: ಇಲ್ಲಪ್ಪ, ನೆಂಟರಿಷ್ಟರಿಗೆಲ್ಲ ಸಿಕ್ಕಿದೆ. ಬಾಡಿ ಕೆಳಗೆ ಎಷ್ಟು ಶಿಮ್, ಅಂದರೆ ತೆಳು ತಗಡು, ಇಡಬೇಕು ಅಂತ ಚಾಸಿಸ್ ಮೇಲೆ ಕ್ರೇಯಾನಿನಲ್ಲಿ ಗೀಚಿದ ಅಂಕಿ ಇದೆ. ಬಿಗಿ ಮಾಡಿದ್ದಾಯ್ತು ಅಂತ ನಟ್ಟಿನ ಮೇಲೆ ಇಟ್ಟ ಬಣ್ಣದ ಚುಕ್ಕೆ ಇದೆ. ಅವನ್ನೂ ನಕಲು ಮಾಡ್ತಾರೆ. ಕೈಬರಹ ತೀರಾ ಚೆಂದ ಆದೀತು ಅಂತ ಎಡಗೈಯಲ್ಲಿ ಬರೆಯೋ ಮಹಾನುಭಾವರೂ ಇದ್ದಾರಂತೆ. ಚುಕ್ಕೆ ಸರಿಯಾದ ಜಾಗದಲ್ಲಿದೆಯಾ ಅಂತ ನಾಲ್ಕು ಜನ ನೋಡ್ತಾರೆ. ನಟ್ಟು ಬಿಗಿ ಇದೆಯಾ?

ಪ್ರ: ಇದೆಲ್ಲ ಬರೀ ಹುಚ್ಚು ಅನ್ನೋಣವೇ?

ಉ: ಅಷ್ಟು ಸಲೀಸಾಗಿ ಅನ್ನಬೇಡಿ. ಈ ಬಾಡಿ ಫೈಬರ್‌ಗ್ಲಾಸಿನದು, ತುಂಡು ತುಂಡಾಗಿ ಅಂಟಿಸಿದ್ದು. ವರ್ಷಗಳು ಕಳೆದಂತೆ ಆ ಅಂಟಿನ ಗೆರೆ ಫೆಂಡರಿನ ಬಣ್ಣದ ಮೇಲೆ ಸಣ್ಣಗೆ ಮೂಡುತ್ತೆ. ಪುಟ್ಟಿ ಮೆತ್ತಿ ಅದನ್ನ ಮುಚ್ಚಿದರೆ, ಕಾರನ್ನ ಹೇಗೆ ಕಟ್ಟಿದ್ದರು ಅನ್ನೋದೇ ಅಳಿಸಿಹೋಗುತ್ತೆ. ಅದನ್ನ ಉಳಿಸೋರ ಮೇಲೆ ನನಗೆ ಗೌರವ ಇದೆ. ಆದರೆ ಒಂದು ಹೊಟ್ಟೆಕಿಚ್ಚೂ ಇದೆ. ಅಂಕಪಟ್ಟಿಯಲ್ಲಿ ನನಗೆ ಜಾಗ ಇದೆ. ಗನ್ ಹಿಡಿದು ದಿನವಿಡೀ ಹೊಗೆ ಕುಡಿದ ಅವನಿಗೆ ಇಲ್ಲ. ಅವನ ಕೈಬೀಸಿನ ಅಳತೆ ಎಲ್ಲರಿಗೂ ಬೇಕು, ಹೆಸರು ಯಾರಿಗೂ ಬೇಡ.

ಪ್ರ: ಓದುಗರಿಗೆ ಏನು ಹೇಳುತ್ತೀರಿ?

ಉ: ಹಳೇ ಕಾರು ಕೈಗೆ ಬಂದರೆ ಮೊದಲು ಕ್ಯಾಮೆರಾ ತೆಗೀರಿ, ಸ್ಯಾಂಡ್‌ಪೇಪರ್ ಆಮೇಲೆ. ಚಕ್ರದ ಗೂಡು, ಬಾಗಿಲ ಸಂದಿ, ಚಾಸಿಸ್‌ನ ಗೀಚು, ಎಲ್ಲದರ ಫೋಟೋ ಇಟ್ಟುಕೊಳ್ಳಿ. ಗ್ಲೋವ್ ಬಾಕ್ಸ್ ಕೆಳಗಿನ ಆ ತಗಡಿನ ಪಟ್ಟಿಯ ರಿವೆಟ್ಟಿಗೆ ಮಾತ್ರ ಕೈ ಹಾಕಬೇಡಿ. ಬಿಚ್ಚಿದ ಗುರುತು ಕಂಡರೆ ತಿಳಿದ ಗಿರಾಕಿ ಬೆಲೆ ಕೂಡ ಕೇಳದೆ ಎದ್ದು ಹೋಗ್ತಾನೆ.