ಬೈಕಿಗೆ ಟೆಂಪೋ ಯೋಗ

ಬೈಕು ಹೊರಲು ಹುಟ್ಟಿದ ವಾಹನ. ಗಂಡ, ಹೆಂಡತಿ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು, ಹ್ಯಾಂಡಲ್ಲಿಗೆ ತರಕಾರಿ ಚೀಲ. ಇಷ್ಟನ್ನೂ ಅದು ತುಟಿಪಿಟಕ್ಕೆನ್ನದೆ ಹೊರುತ್ತದೆ. ಅದನ್ನೇ ಹೊರಬೇಕಾಗುವ ಸಂದರ್ಭಗಳು ಮುಖ್ಯವಾಗಿ ಮೂರು: ಎಂಜಿನ್ ಸೀಜಾಗಿ ದಾರಿಯಲ್ಲಿ ಕೂತಾಗ, ಬಾಡಿಗೆ ಮನೆ ಬದಲಾದಾಗ, ಬೆಂಗಳೂರಿನಲ್ಲಿ ಹಳತಾದ ಬೈಕು ಊರಿನ ತಮ್ಮನ ಪಾಲಿಗೆ ಹೊಸದಾಗಿ ಹೋಗುವಾಗ. ಮೂರರಲ್ಲೂ ಟೆಂಪೋ ಬರುತ್ತದೆ. ಟೆಂಪೋ ಜೊತೆಗೇ ‘ಏನೂ ಆಗಲ್ಲ ಬಿಡಿ ಸಾರ್’ ಎಂಬ ಅಭಯವಚನವೂ ಬರುತ್ತದೆ. ಬೈಕ್ ಸಾಗಣೆಯ ಶಾಸ್ತ್ರ ಈ ವಚನವನ್ನು ನಂಬದಿರುವುದರಿಂದ ಶುರುವಾಗುತ್ತದೆ.

ಮೊದಲನೆಯದು ವಾಹನದ ಆಯ್ಕೆ. 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್ ಊರೂರಿನ ಟೆಂಪೋ ಸ್ಟ್ಯಾಂಡುಗಳನ್ನು ಆಳುತ್ತಿದೆ. ಹೊರುವ ಶಕ್ತಿ ಸುಮಾರು 750 ಕಿಲೋ. ಬಾಡಿಯ ಉದ್ದ ಸುಮಾರು 2.2 ಮೀಟರ್, ಅಗಲ ಒಂದೂವರೆ ಮೀಟರ್. ಹೀರೋ ಸ್ಪ್ಲೆಂಡರ್ ಎರಡು ಮೀಟರ್ ಉದ್ದ, ಸುಮಾರು 112 ಕಿಲೋ ತೂಕ, ಆರಾಮಾಗಿ ಹಿಡಿಯುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹತ್ತಿರ ಹತ್ತಿರ 2.15 ಮೀಟರ್ ಉದ್ದ, 195 ಕಿಲೋ. ಉಳಿಯುವುದು ಐದು ಸೆಂಟಿಮೀಟರ್. ಅಂಥ ಬೈಕಿಗೆ ಬೊಲೆರೊ ಪಿಕಪ್ಪಿನಂಥ ಉದ್ದನೆಯ ಗಾಡಿ ಕರೆಸುವುದು ಲೇಸು. ಹಿಂದಿನ ಡೋರ್ ಮುಚ್ಚದೆ ಬೈಕಿನ ಬಾಲವನ್ನು ಹೊರಗೆ ಬಿಟ್ಟು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ ಹೊರಡುವ ಪದ್ಧತಿಯೂ ಉಂಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಹೀಗೆ ಅಳತೆ ಮೀರಿ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡ ಹೇಳುತ್ತದೆ. ಹಳೆಯ ಬೈಕುಗಳ ವಿಷಯದಲ್ಲಿ ದಂಡವೇ ಬೈಕಿಗಿಂತ ದುಬಾರಿಯಾದೀತು.

ಬಾಡಿಯ ಅಕ್ಕಪಕ್ಕದ ತಗಡಿನ ಎತ್ತರ ಒಂದಡಿ ಮಾತ್ರ, ಬೈಕಿನ ಹ್ಯಾಂಡಲ್ ಇರುವುದು ಸುಮಾರು ಒಂದು ಮೀಟರ್ ಮೇಲೆ. ‘ಪಕ್ಕಕ್ಕೆ ಒರಗಿಸಿದರೆ ಆಯಿತು’ ಎನ್ನುವವರು ಈ ಎರಡು ಅಳತೆಗಳನ್ನು ಒಟ್ಟಿಗೆ ನೋಡಿರುವುದಿಲ್ಲ. ಒರಗಿಸಿದ ಬೈಕಿಗೆ ಆ ತಗಡು ತಡೆಯಾಗುವುದಿಲ್ಲ, ಮಗುಚಿಕೊಳ್ಳಲು ಮೆಟ್ಟಿಲಾಗುತ್ತದೆ.

ಎರಡನೆಯದು ಬೈಕನ್ನು ಅಣಿಗೊಳಿಸುವುದು. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ರೈಲ್ವೆ ಪಾರ್ಸೆಲ್ ಕಚೇರಿಯವರು ಟ್ಯಾಂಕ್ ಪೂರ್ತಿ ಬರಿದಾಗಬೇಕೆಂದು ಹಟ ಹಿಡಿಯುತ್ತಾರೆ, ಟೆಂಪೋದವರು ಕೇಳುವುದಿಲ್ಲ. ಕೇಳದಿದ್ದ ಮಾತ್ರಕ್ಕೆ ಪೆಟ್ರೋಲಿಗೆ ಬೆಂಕಿ ಹತ್ತುವ ಗುಣ ಹೋಗುವುದಿಲ್ಲ. ಹಳೆಯ ಬೈಕುಗಳಲ್ಲಿ ಪೆಟ್ರೋಲ್ ಕಾಕನ್ನು ‘ಆಫ್’ಗೆ ತಿರುಗಿಸಬೇಕು. ಇಲ್ಲದಿದ್ದರೆ ಗುಂಡಿ ಗುಂಡಿಗೂ ಕಾರ್ಬ್ಯುರೇಟರ್ ತುಳುಕಿ, ಊರು ತಲುಪುವ ಹೊತ್ತಿಗೆ ಹಾಸಿಗೆ, ದಿಂಬು, ಅಕ್ಕಿ ಮೂಟೆಗಳೆಲ್ಲ ಬಂಕಿನ ವಾಸನೆ ಹೊಡೆಯುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರೂ ಇಲ್ಲ, ಕಾಕೂ ಇಲ್ಲ. ಅಲ್ಲಿ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದರೆ ಸಾಕು. ಮನೆ ಸಾಮಾನಿನ ಜೊತೆ ಬೈಕು ಹೋಗುವುದಾದರೆ ಗ್ಯಾಸ್ ಸಿಲಿಂಡರನ್ನು ಅದರ ಪಕ್ಕದಲ್ಲಿ ಇಡಬಾರದು. ಪೆಟ್ರೋಲನ್ನೂ ಗ್ಯಾಸನ್ನೂ ಒಂದೇ ಗಾಡಿಯಲ್ಲಿ ಕೂರಿಸಿದ ಮೇಲೆ, ದೇವರ ಪಟವನ್ನು ಮುಂದೆ ಇಟ್ಟರೂ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ.

ಕನ್ನಡಿಗಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಬೇಕು. ಹ್ಯಾಂಡಲ್ ಲಾಕ್ ಹಾಕಬಾರದು. ಲಾಕಾದ ಹ್ಯಾಂಡಲ್ ಒಂದು ಕಡೆಗೆ ತಿರುಗಿ ನಿಲ್ಲುವುದರಿಂದ ಎರಡೂ ಬದಿಗೆ ಸಮನಾಗಿ ಕಟ್ಟಲು ಬರುವುದಿಲ್ಲ. ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಜೋಪಾನವಾಗಿರಲಿ ಎಂದು ಬೀರುವಿನಲ್ಲಿಟ್ಟರೆ, ಬೀರು ಎಲ್ಲಕ್ಕಿಂತ ಒಳಗೆ ಹೋಗಿರುತ್ತದೆ.

ಮೂರನೆಯದು ಹತ್ತಿಸುವ ಅಧ್ಯಾಯ. ಬೀದಿಯಲ್ಲಿ ಬೈಕು ಹತ್ತಿಸಲು ನಿಂತರೆ ಸಹಾಯಕರನ್ನು ಕೂಗಬೇಕಾಗಿಲ್ಲ. ಅವರು ತಾವಾಗಿ ಬರುತ್ತಾರೆ. ಒಬ್ಬರು ಹಿಡಿಯುತ್ತಾರೆ, ಒಬ್ಬರು ತಳ್ಳುತ್ತಾರೆ, ನಾಲ್ವರು ‘ಎಡಕ್ಕೆ, ಎಡಕ್ಕೆ’ ಎನ್ನುತ್ತಾರೆ. ಅವರಲ್ಲಿ ಇಬ್ಬರು ಟೆಂಪೋ ಕಡೆಗೆ ಮುಖ ಮಾಡಿ ನಿಂತವರು, ಇಬ್ಬರು ಬೆನ್ನು ಮಾಡಿ ನಿಂತವರು. ಕೈಯಲ್ಲಿ ಎತ್ತಿ ಇಟ್ಟುಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ಸ್ಪ್ಲೆಂಡರನ್ನು ನಾಲ್ಕು ಜನ ಎತ್ತಬಹುದು, ಆದರೆ ಅವಸರದಲ್ಲಿ ಕೈಗೆ ಸಿಕ್ಕುವುದು ಇಂಡಿಕೇಟರ್, ಮಡ್‌ಗಾರ್ಡ್, ಇಲ್ಲವೇ ಈಗಷ್ಟೇ ಓಡಿ ಬಂದು ಕಾದಿರುವ ಸೈಲೆನ್ಸರ್. ಮೂರನೆಯದನ್ನು ಹಿಡಿದವರು ಬೈಕನ್ನು ಬಿಡುವ ವೇಗ ನೋಡಬೇಕು.

ಸರಿಯಾದ ಕ್ರಮ ಹಲಗೆ. ಬಾಡಿಯ ನೆಲ ಮುಕ್ಕಾಲು ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಎಂಟಡಿ ಹಲಗೆಯ ಇಳಿಜಾರು ಸುಮಾರು 18 ಡಿಗ್ರಿ ಆಗುತ್ತದೆ. 195 ಕಿಲೋ ಬೈಕನ್ನು ತಳ್ಳಲು ಸುಮಾರು 60 ಕಿಲೋ ಬಲ ಬೇಕು. ಹಲಗೆ ಆರೇ ಅಡಿಯದಾದರೆ ಇಳಿಜಾರು 24 ಡಿಗ್ರಿ, ಬಲ 80 ಕಿಲೋ. ಹಲಗೆ ಎರಡಡಿ ಗಿಡ್ಡವಾದರೆ ಇನ್ನೊಬ್ಬ ಮನುಷ್ಯ ಬೇಕೆಂದಾಯಿತು. ಹಲಗೆ ಇಲ್ಲದ ಕಡೆ ಹಳ್ಳಿಯವರ ಉಪಾಯ ಇನ್ನೂ ಸುಲಭದ್ದು: ಟೆಂಪೋವನ್ನು ಹಿಮ್ಮುಖವಾಗಿ ದಿಣ್ಣೆಗೋ ಏರಿಗೋ ಒತ್ತಿ ನಿಲ್ಲಿಸಿದರೆ ಹತ್ತುವ ಎತ್ತರವೇ ಅರ್ಧಕ್ಕಿಳಿಯುತ್ತದೆ. ಹಲಗೆಯ ಮೇಲ್ತುದಿಯನ್ನು ಬಾಡಿಗೆ ಕಟ್ಟಲೇಬೇಕು. ಕಟ್ಟದಿದ್ದರೆ ಹಿಂದಿನ ಚಕ್ರ ಹಲಗೆಯನ್ನು ಒದ್ದು ಹಿಂದಕ್ಕೆ ಕಳಿಸುತ್ತದೆ. ಮುಂದಿನ ಚಕ್ರ ಟೆಂಪೋದಲ್ಲಿ, ಹಿಂದಿನದು ಗಾಳಿಯಲ್ಲಿ, ಸಲಹೆಗಾರರು ಎದುರು ಫುಟ್‌ಪಾತಿನಲ್ಲಿ.

ಬೈಕಿನ ಮೇಲೆ ಕೂತು ಹಲಗೆ ಹತ್ತಿಸುವುದು ಸಿನಿಮಾದವರಿಗೆ ಬಿಟ್ಟ ವಿದ್ಯೆ. ನೆಲದಲ್ಲಿ ಕಾಲೂರಿ ಓಡಿಸಿದವರಿಗೆ, ಹಲಗೆಯ ಅಕ್ಕಪಕ್ಕ ಕಾಲೂರಲು ನೆಲ ಇರುವುದಿಲ್ಲ ಎಂಬುದು ನಡುದಾರಿಯಲ್ಲಿ ಹೊಳೆಯುತ್ತದೆ. ಪಕ್ಕದಲ್ಲಿ ನಡೆಯುತ್ತ, ಹಿಂದೆ ಒಬ್ಬರಿಂದ ತಳ್ಳಿಸುತ್ತ ಹತ್ತಿಸಬೇಕು. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಮುಂದಿನ ಬ್ರೇಕನ್ನೇ ನಂಬಿದರೆ ಮುಂದಿನ ಚಕ್ರ ಜಾರುತ್ತದೆ. ಕಾಲಿನ ಬ್ರೇಕು ಪಕ್ಕದಲ್ಲಿ ನಡೆಯುವವರ ಕಾಲಿಗೆ ಸಿಕ್ಕುವುದಿಲ್ಲ. ಇದಕ್ಕೆ ಮೆಕ್ಯಾನಿಕ್‌ಗಳ ಉಪಾಯವಿದೆ: ಎಂಜಿನ್ ಆಫ್ ಮಾಡಿ, ಮೊದಲ ಗೇರಿಗೆ ಹಾಕಿ, ಕ್ಲಚ್ ಹಿಡಿದು ತಳ್ಳುವುದು. ದಣಿವಾದರೆ ಕ್ಲಚ್ ಬಿಟ್ಟರಾಯಿತು. ಹಿಂದಿನ ಚಕ್ರ ಅಲ್ಲೇ ಹಿಡಿದುಕೊಳ್ಳುತ್ತದೆ. ಸಲಹೆ ಕೊಡುವವರಿಗೂ ಉಸಿರು ತೆಗೆದುಕೊಳ್ಳಲು ಬಿಡುವು ಸಿಗುತ್ತದೆ.

ನಾಲ್ಕನೆಯದು ಕಟ್ಟುವುದು. ಇಡೀ ಶಾಸ್ತ್ರದ ಹೃದಯ ಇದು. ಓಡುವಾಗ ತಾನಾಗಿ ನೆಟ್ಟಗಿರುವ ಬೈಕು ನಿಂತಾಗ ಸ್ಟ್ಯಾಂಡನ್ನು ನಂಬಿ ಬದುಕುತ್ತದೆ. ಟೆಂಪೋದಲ್ಲಿ ಆ ಸ್ಟ್ಯಾಂಡೂ ನಂಬಿಕೆಗೆ ಅರ್ಹವಲ್ಲ. ಡಬಲ್ ಸ್ಟ್ಯಾಂಡ್ ಹಾಕಿದ ಬೈಕು ಮುಂದಕ್ಕೆ ಸರಿದರೆ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಟೆಂಪೋ ಬ್ರೇಕ್ ಹಾಕಿದಾಗ ಆಗುವುದೂ ಅದೇ. ಸೈಡ್ ಸ್ಟ್ಯಾಂಡ್ ಹಾಕಿ ಹಗ್ಗ ಎಳೆದು ಬಿಗಿದರೆ ಅಷ್ಟೂ ಒತ್ತಡ ಆ ಸಣ್ಣ ಕಾಲಿನ ಮೇಲೆ ಬಿದ್ದು ಅದು ಬಾಗುತ್ತದೆ. ಬೈಕು ಎರಡು ಚಕ್ರಗಳ ಮೇಲೆ ನೆಟ್ಟಗೆ, ಕ್ಯಾಬಿನ್ ಕಡೆ ಮುಖ ಮಾಡಿ, ಮುಂದಿನ ಚಕ್ರ ಎದುರಿನ ಗೋಡೆಗೆ ತಾಗುವಂತೆ ನಿಲ್ಲಬೇಕು. ಗೇರು ಒಂದರಲ್ಲಿರಬೇಕು. ಚಕ್ರದ ಎರಡು ಪಕ್ಕಕ್ಕೂ ಮರದ ತುಂಡು ಕೊಟ್ಟರೆ ಮೇಲು.

ಹಗ್ಗವೋ ಬೆಲ್ಟೋ ನಾಲ್ಕು ಬೇಕು. ಎರಡು ಮುಂದೆ, ಹ್ಯಾಂಡಲ್ಲಿನ ಬುಡದಿಂದ ಮುಂದಕ್ಕೂ ಕೆಳಕ್ಕೂ ಹೊರಕ್ಕೂ. ಎರಡು ಹಿಂದೆ, ಫ್ರೇಮಿನ ಗಟ್ಟಿ ಭಾಗದಿಂದ ಎರಡು ಮೂಲೆಗಳಿಗೆ. ಪುಂಡ ಹೋರಿಯನ್ನು ಎರಡು ಬದಿಗೂ ಹಗ್ಗ ಎಳೆದು ಕಟ್ಟುವ ಕ್ರಮವೇ ಇದು. ಒಂದೇ ಬದಿಗೆ ಕಟ್ಟಿದರೆ ಹೋರಿಯೂ ತಿರುಗುತ್ತದೆ, ಬೈಕೂ ತಿರುಗುತ್ತದೆ. ಕನ್ನಡಿಯ ಕಡ್ಡಿ, ಕ್ಲಚ್ ಲಿವರ್, ಇಂಡಿಕೇಟರ್, ಪ್ಲಾಸ್ಟಿಕ್ ಭಾಗಗಳಿಗೆ ಕೊಕ್ಕೆ ಹಾಕಬಾರದು. ಬಣ್ಣಕ್ಕೆ ಹಗ್ಗ ಉಜ್ಜುವ ಕಡೆ ಹಳೆಯ ಬನಿಯನ್ ಸುತ್ತಬೇಕು. ಪ್ರತಿ ಮನೆಯಲ್ಲೂ ಅದಕ್ಕೆಂದೇ ಕಾದಿರುವ ಒಂದು ಬನಿಯನ್ ಇರುತ್ತದೆ.

ಮುಂದಿನ ಬೆಲ್ಟುಗಳನ್ನು ಮುಂದಿನ ಶಾಕ್ ಸುಮಾರು ಅರ್ಧದಷ್ಟು ಕುಗ್ಗುವವರೆಗೆ ಬಿಗಿಯಬೇಕು. ಕಾರಣವಿಷ್ಟೆ: ಕುಗ್ಗಿಸದೆ ಕಟ್ಟಿದರೆ, ಗಾಡಿ ಹಳ್ಳಕ್ಕೆ ಬಿದ್ದಾಗ ಶಾಕ್ ತಾನಾಗಿ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ, ಕೊಕ್ಕೆ ಕಳಚುತ್ತದೆ. ಪೂರ್ತಿ ಅದುಮಿ ಕಟ್ಟಿದರೆ ಆಯಿಲ್ ಸೀಲಿಗೆ ಪೆಟ್ಟು. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುವುದರಿಂದ ರ‍್ಯಾಚೆಟ್ ಬೆಲ್ಟ್ ಉತ್ತಮ. ಹಗ್ಗದ ಇನ್ನೊಂದು ತೊಡಕು ಗಂಟು. ಕ್ಲೀನರ್ ಹಾಕಿದ ಗಂಟು ಬಿಚ್ಚಲು ಕ್ಲೀನರನೇ ಬೇಕು; ಅವನು ನಡುವೆ ಎಲ್ಲೋ ಇಳಿದಿರುತ್ತಾನೆ.

ಕಟ್ಟುವ ಬದಲು ಹಿಂದೆ ಒಬ್ಬರನ್ನು ಕೂರಿಸಿ ‘ಸ್ವಲ್ಪ ಹಿಡ್ಕೊಂಡಿರಪ್ಪ’ ಎನ್ನುವ ಪದ್ಧತಿಗೆ ಸಾಮಾನ್ಯವಾಗಿ ಭಾವಮೈದ ಬಲಿಯಾಗುತ್ತಾನೆ. ಸರಕು ಕಟ್ಟುವುದಕ್ಕೆ ಯುರೋಪಿನವರು ಮಾಡಿಕೊಂಡಿರುವ ಇಎನ್ 12195-1 ಮಾನದಂಡದ ಪ್ರಕಾರ, ಕಟ್ಟು ಮುಂದಕ್ಕೆ ಸರಕಿನ ತೂಕದ ಶೇಕಡಾ 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇಕಡಾ 50ರಷ್ಟು ಬಲವನ್ನು ತಡೆಯಬೇಕು. ಕ್ಲಾಸಿಕ್ 350ಕ್ಕೆ ಅದು ಮುಂದಕ್ಕೆ 156 ಕಿಲೋ. ಅಷ್ಟನ್ನು ಒಂದು ಕೈಯಲ್ಲಿ ತಡೆದು ಇನ್ನೊಂದರಲ್ಲಿ ಫೋನ್ ನೋಡಬಲ್ಲ ಭಾವಮೈದ ಯಾವ ಮನೆತನದಲ್ಲೂ ಹುಟ್ಟಿಲ್ಲ. ಸರಕು ಗಾಡಿಯ ಹಿಂಭಾಗದಲ್ಲಿ ಜನ ಕೂರುವುದನ್ನು ಕಾನೂನೂ ಒಪ್ಪುವುದಿಲ್ಲ.

ಐದನೆಯದು ದಾರಿ. ಹೊರಟು ಹತ್ತು ಹದಿನೈದು ಕಿಲೋಮೀಟರಿನೊಳಗೆ ನಿಲ್ಲಿಸಿ ಬೆಲ್ಟುಗಳನ್ನು ಮತ್ತೆ ಬಿಗಿಯಬೇಕು. ಕಟ್ಟು ಕೂರುವುದು ಗಾಡಿ ಕುಲುಕಿದ ಮೇಲೆಯೇ. ಚಹಾಕ್ಕೆ ನಿಲ್ಲಿಸುವುದನ್ನು ತಾಂತ್ರಿಕ ಅಗತ್ಯವೆಂದು ಸಮರ್ಥಿಸಬಹುದಾದ ಸಂದರ್ಭ ಇದೊಂದೇ. ಘಟ್ಟ ಇಳಿಯುವುದಿದ್ದರೆ ಚಾಲಕರಿಗೆ ಮೊದಲೇ ಹೇಳಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿಲೋಮೀಟರಿನಲ್ಲಿ ದಾಟಿದರೆ ಬೈಕು ಪಕ್ಕಕ್ಕೆ ಎಳೆಯುವ ಬಲ ಅದರ ತೂಕದ ಐದನೆಯ ಒಂದು ಭಾಗ. 30ರಲ್ಲಿ ದಾಟಿದರೆ ಹೆಚ್ಚುಕಡಿಮೆ ಅರ್ಧ. ಉಳಿಯುವುದು ಕೆಲವು ನಿಮಿಷ, ಎಳೆತ ಮಾತ್ರ ಎರಡು ಪಟ್ಟಿಗೂ ಮೀರಿ ಏರುತ್ತದೆ.

ಕೊನೆಯದು ಇಳಿಸುವುದು. ಊರು ಬಂತೆಂಬ ಸಂಭ್ರಮದಲ್ಲಿ ನಾಲ್ಕು ಬೆಲ್ಟುಗಳನ್ನೂ ಒಟ್ಟಿಗೆ ಬಿಚ್ಚಿದರೆ ನೂರಾರು ಮೈಲಿ ನೆಟ್ಟಗೆ ಬಂದ ಬೈಕು ಮನೆ ಬಾಗಿಲಲ್ಲಿ ಮಗುಚುತ್ತದೆ. ಒಬ್ಬರು ಹ್ಯಾಂಡಲ್ ಹಿಡಿದ ಮೇಲೆ ಹಿಂದಿನ ಎರಡು, ಆಮೇಲೆ ಮುಂದಿನ ಎರಡನ್ನು ಬಿಚ್ಚಬೇಕು. ಇಳಿಸುವುದು ಹಿಮ್ಮುಖವಾಗಿ, ಇಲ್ಲಿಯೂ ಮುಂದಿನ ಚಕ್ರ ಹಗುರವಾಗಿರುವುದರಿಂದ ಮೊದಲ ಗೇರು, ಕ್ಲಚ್ಚಿನ ಉಪಾಯವೇ ಗತಿ. ನೆಲ ಮುಟ್ಟಿದ ಮೇಲೆ ಕನ್ನಡಿ ತೊಡಿಸಿ, ಬ್ರೇಕು, ಲೈಟು, ಚಕ್ರಗಳ ಗಾಳಿ ನೋಡಬೇಕು. ಹಳೆಯ ಬೈಕಾದರೆ ಕಾಕನ್ನು ‘ಆನ್’ಗೆ ತಿರುಗಿಸಬೇಕು. ಮರೆತರೆ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಬೈಕು ಒಂದಿಷ್ಟು ದೂರ ಓಡಿ ನಿಂತುಬಿಡುತ್ತದೆ. ಆಗ ಮತ್ತೆ ಟೆಂಪೋ ಕರೆಸುವ ಅಗತ್ಯವಿಲ್ಲ. ಕಾಕ್ ತಿರುಗಿಸಿದರೆ ಸಾಕು.