ಬೇರೆ ನೀರಿಲ್ಲದವರ ಗಟ್ಟಿ ಮೂಳೆ

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡವನ್ನು ಎಂಜಿನಿಯರುಗಳಷ್ಟೇ ಓದುತ್ತಾರೆ. ಹಾಸ್ಯಪ್ರಿಯರೂ ಓದಬೇಕು. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಮೀರಕೂಡದು ಎನ್ನುತ್ತದೆ. ಪಕ್ಕದ ಕಾಲಮ್ಮಿನಲ್ಲೇ, ಬೇರೆ ನೀರು ಸಿಗದಿದ್ದರೆ 1.5 ಆದರೂ ನಡೆದೀತು ಎನ್ನುತ್ತದೆ. ಗಡಸುತನ 200, ಬೇರೆ ನೀರಿಲ್ಲದವರಿಗೆ 600. ಕರಗಿದ ಲವಣ 500, ಬೇರೆ ನೀರಿಲ್ಲದವರಿಗೆ 2000. ಅಂದರೆ ಮನೆಯೊಳಗೆ ಕಾವೇರಿ ನಲ್ಲಿ ಇರುವವರ ದೇಹ ನಾಜೂಕು, ಬೋರನ್ನೇ ನಂಬಿದ ಪಾವಗಡದವರದು ನಾಲ್ಕು ಪಟ್ಟು ಗಟ್ಟಿ. ನೈಟ್ರೇಟಿಗಾದರೋ 45, ರಿಯಾಯಿತಿ ಇಲ್ಲ. ಆ ಸಾಲು ಬರೆಯುವಾಗ ಯಾರೋ ಮೈಮರೆತು ಕಟ್ಟುನಿಟ್ಟಾಗಿಬಿಟ್ಟಿದ್ದಾರೆ.

ನೆಲದಡಿಯ ಕಲ್ಲು ಈ ಕಾಲಮ್ಮುಗಳನ್ನು ಓದಿಲ್ಲ. ಬೋರು ಆಳಕ್ಕಿಳಿದಷ್ಟೂ ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ಕೂತ ನೀರು ಮೇಲೆ ಬರುತ್ತದೆ. ಅದರಲ್ಲಿ ಸೋಡಿಯಂ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದರೆ ಫ್ಲೋರೈಡಿಗೆ ತಡೆಯೇ ಇಲ್ಲ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ದೊಡ್ಡವರ ಮೂಳೆ ನಿಜಕ್ಕೂ ಗಟ್ಟಿಯಾಗುತ್ತದೆ, ಕೀಲು ಬಿಗಿದು ಬೆನ್ನು ಬಾಗುವಷ್ಟು. ಆದರೆ ಬಾಗಿದ ಬೆನ್ನನ್ನು ಸರ್ಕಾರ ಪುರಾವೆ ಎನ್ನುವುದಿಲ್ಲ. ನೀರಿನ ಮಾದರಿ ಬೇಕು.

ಹಾಗಾಗಿ ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಬಾಟಲಿ ಹಿಡಿದ ಸಂಶೋಧಕರು ಬರುತ್ತಾರೆ. ಹತ್ತಾರು ಅಂಶ ಕಲಸಿ ‘ನೀರಿನ ಗುಣಮಟ್ಟ ಸೂಚ್ಯಂಕ’ ಎಂಬ ಒಂದೇ ಅಂಕಿ ತೆಗೆಯುತ್ತಾರೆ. ಫ್ಲೋರೈಡ್ ಫೇಲಾದರೂ ಸಲ್ಫೇಟು, ಕ್ಲೋರೈಡುಗಳು ಗ್ರೇಸ್ ಮಾರ್ಕ್ಸ್ ಕೊಟ್ಟು ಊರನ್ನೇ ಪಾಸು ಮಾಡಿಸಬಹುದು. ಕುಡಿಯಲಾಗದ್ದು ಬೆಳೆಗಾದರೂ ಆದೀತೇ ಎಂದು ನೋಡಲು 1954ರಲ್ಲಿ ಅಮೆರಿಕದ ಲವಣತೆ ಪ್ರಯೋಗಾಲಯ ಕೊಟ್ಟ ನಕ್ಷೆಯಿದೆ. “ಸಾರ್, ಕಡಲೇಕಾಯಿ ಹಾಕ್ಲಾ?” ಎಂದು ರೈತ ಕೇಳಿದರೆ, “ಸಿ3-ಎಸ್2” ಎಂಬ ಉತ್ತರ ಸಿದ್ಧ. ಉಪ್ಪು ಜಾಸ್ತಿ, ಸೋಡಿಯಂ ಮಧ್ಯಮ. ನೀರು ಬಸಿಯುವ ಮರಳು ನೆಲ, ಉಪ್ಪು ತಾಳುವ ಬೆಳೆಯಾದರೆ ಸರಿ, ಜೇಡಿಗೆ ಬೇಡ ಎಂದರ್ಥ. ಹೀಗೆ ಹೇಳಿದರೆ ರೈತನಿಗೆ ತಿಳಿದುಬಿಡುತ್ತದೆ. ಪ್ರಬಂಧ ಅಚ್ಚಾಗುವುದು ಅದಕ್ಕಲ್ಲ.

ಸದ್ಯಕ್ಕೆ ಊರು ನಾಣ್ಯ ಹಾಕಿ ಕ್ಯಾನಿಗೆ ಫಿಲ್ಟರ್ ನೀರು ಹಿಡಿಯುತ್ತದೆ. ಯಂತ್ರ ಬೇರ್ಪಡಿಸಿದ ಉಪ್ಪು, ಫ್ಲೋರೈಡೆಲ್ಲ ಘಟಕದ ಹಿಂದಿನ ಪೈಪಿನಿಂದ ಚರಂಡಿಗೆ, ಅಲ್ಲಿಂದ ನೆಲಕ್ಕೆ. ಮುಂದಿನ ಸಲ ಬಾಟಲಿ ತಂದವರು ಬರಿಗೈಲಿ ವಾಪಸಾಗುವ ಭಯವಿಲ್ಲ.